ಉಸಿರು ಹಿಡಿಯುವ ಹಮಾಲ

ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲರು ಮೆಣಸಿನಕಾಯಿ ಚೀಲ ಸುರಿಯುವುದನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಚೀಲದ ಬಾಯಿ ಬಿಚ್ಚಿದ ಕೂಡಲೇ ಅವರು ಉಸಿರು ಹಿಡಿಯುತ್ತಾರೆ. ಸುರಿದು, ಚೀಲ ಕೊಡವಿ, ನಾಲ್ಕು ಹೆಜ್ಜೆ ಆಚೆ ಹೋಗಿ, ಮುಖ ತಿರುಗಿಸಿ ಉಸಿರು ಬಿಡುತ್ತಾರೆ. ಇಲ್ಲದಿದ್ದರೆ ಘಾಟು ಗಂಟಲಿಗೆ ಇಳಿದು ದಿನವಿಡೀ ಕೆಮ್ಮಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ತಾನಾಗಿ ಬರುತ್ತದೆ. ಅಲ್ಲೇ ತೊಟ್ಟು ಬಿಡಿಸಲು ಕೂರುವ ನನಗೂ ಇದೇ ಚಾಳಿ.

ನನ್ನ ಗಂಡ ಯಲ್ಲೇಶ ಹನ್ನೆರಡು ವರ್ಷ ಆ ಚೀಲ ಹೊತ್ತವರು. ಕೈಗೆ ಕೆಲಸ ಬಂತೆಂದರೆ ಇವರ ಉಸಿರು ನಿಂತೇಬಿಡುತ್ತದೆ. ಬಲ್ಬು ಬದಲಿಸುವಾಗಲೂ ಅಷ್ಟೆ. ನನಗೆ ತಾಳಿ ಕಟ್ಟುವಾಗಲೂ ಹಿಡಿದಿದ್ದರು. ನನ್ನನ್ನು ಕಂಡು ಗಾಬರಿಯಾಗಿದೆ ಎಂದುಕೊಂಡು ನಾನು ಖುಷಿಪಟ್ಟಿದ್ದೆ.

ಈ ಮನುಷ್ಯನಿಗೆ ಚಿಕ್ಕಂದಿನಿಂದ ನೀರಿನ ಹುಚ್ಚು. ಕದರಮಂಡಲಗಿಯ ಸುತ್ತಮುತ್ತ ಯಾರ ಬಾವಿಯಲ್ಲಿ ಮೋಟರ್ ಬಿದ್ದರೂ ಹಗ್ಗ ಹಿಡಿದು ಮುಳುಗುವವರು ಇವರೇ. ಎರಡು ವರ್ಷದ ಹಿಂದೆ ಅಗಡಿ ಕಡೆ ಟ್ರ್ಯಾಕ್ಟರೊಂದು ಕೆರೆಗೆ ಉರುಳಿದಾಗ ತಳಕ್ಕೆ ಹೋಗಿ ಸರಪಳಿ ಬಿಗಿದು ಬಂದರು. ಅಲ್ಲಿ ಇವರನ್ನು ಕಂಡವರು ವೀರೇಂದ್ರ ಸರ್. ನೌಕಾಪಡೆಯಲ್ಲಿದ್ದು ನಿವೃತ್ತರಾದ ಅವರು ರಾಣೆಬೆನ್ನೂರಿನ ಹತ್ತಿರ ನೀರು ತುಂಬಿದ ಹಳೆಯ ಕಲ್ಲಿನ ಕ್ವಾರಿಯೊಂದರಲ್ಲಿ ಆಳಕ್ಕೆ ಮುಳುಗುವ ತರಬೇತಿ ಕೊಡುತ್ತಾರೆ. ಅಣೆಕಟ್ಟುಗಳ ತಳದ ಗೇಟು ದುರಸ್ತಿ ಮಾಡಲು ಅಂಥವರು ಬೇಕಂತೆ.

"ಚೀಲ ಹೊರೂದು ಸಾಕಾಗೇತಿ ಶಿಲ್ಪಾ, ಬೆನ್ನು ಹೋಗಾಕತ್ತೈತಿ. ಇದೊಂದು ಪಾಸಾದ್ನೆಂದ್ರ ಇನ್ನ ಚೀಲ ಮುಟ್ಟೂದಿಲ್ಲ" ಎಂದರು ಇವರು. ಆ ಬೆನ್ನಿಗೆ ಎಣ್ಣೆ ತಿಕ್ಕುವವಳು ನಾನೇ. ಬೇಡ ಎನ್ನಲು ಬಾಯಿ ಬರಲಿಲ್ಲ.

ನೀರಿನ ಕೆಳಗೆ ನೂರಡಿ ದಾಟಿದರೆ ನಾವು ಉಸಿರಾಡುವ ಗಾಳಿಯೇ ಅಮಲೇರಿಸುತ್ತದಂತೆ. ಬಾಯಿಗೆ ಒಂದು ಹನಿ ಸೋಕಿಸದ ನನ್ನ ಗಂಡ ಗಾಳಿ ಕುಡಿದು ತೂರಾಡುವುದೆಂದರೆ! ಅದಕ್ಕೇ ಸಿಲಿಂಡರಿನ ಗಾಳಿಗೆ ಹೀಲಿಯಂ ಬೆರೆಸುತ್ತಾರೆ, ಬಲೂನಿಗೆ ತುಂಬುವ ಅದೇ ಹೀಲಿಯಂ. ತಲೆ ತಿಳಿಯಾಗಿರುತ್ತದೆ. ಮೇಲೆ ಬರುವಾಗ ಮಾತ್ರ ಅಲ್ಲಲ್ಲಿ ನಿಂತು, ಸಿಲಿಂಡರ್ ಬದಲಿಸಿಕೊಂಡು, ನಿಧಾನಕ್ಕೆ ಬರಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಪ್ಪಣೆ ಒಂದೇ: ಉಸಿರು ಹಿಡಿಯಬಾರದು. ಹಿಡಿದ ಉಸಿರಿನಲ್ಲಿ ಒಂದಾಳೆತ್ತರ ಮೇಲಕ್ಕೆ ತೇಲಿದರೂ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ತರಬೇತಿಯ ಪರೀಕ್ಷೆಯಲ್ಲಿ ಇವರು ಎರಡು ಸಲ ಫೇಲಾದರು. ವೀರೇಂದ್ರ ಸರ್ ನನಗೇ ಫೋನ್ ಮಾಡಿದರು.

"ನಿಮ್ಮ ಯಜಮಾನ್ರು ಧೈರ್ಯದಾಗ ಕಡಿಮಿ ಇಲ್ರಿ. ಆದ್ರ ಕೈಯಾಗ ಕೆಲಸ ಬಂತಂದ್ರ ಉಸಿರು ಹಿಡೀತಾರ, ನೀರಾಗ ಗುಳ್ಳಿ ನಿಂತಬಿಡ್ತಾವ. ಇನ್ನೊಂದ್ಸಲ ನೋಡ್ತೇನ್ರಿ. ಆಮ್ಯಾಲ ಇಲ್ಲ."

ಬಾಯಿಂದ ಮಾತು ಹೊರಟರೆ ಉಸಿರೂ ಹೊರಡಲೇಬೇಕಲ್ಲ ಎಂದು ನನಗೆ ಹೊಳೆಯಿತು. ನಮ್ಮ ಹಮಾಲರು ಚೀಲ ಎಣಿಸುವಾಗ ಒಂದು ಎನ್ನುವುದಿಲ್ಲ, 'ಲಾಭ' ಎಂದು ಶುರುಮಾಡಿ ಎರಡು, ಮೂರು ಎನ್ನುತ್ತಾರೆ. ಇವರಿಗೂ ಅದನ್ನೇ ಹಿಡಿಸಿದೆ. ಒಲೆಯ ಮೇಲೆ ಮೆಣಸಿನಕಾಯಿ ಹುರಿಯುತ್ತ ಪಕ್ಕದಲ್ಲಿ ನಟ್ಟು ಬಿಗಿಯಲು ಕೂರಿಸಿದೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಬಾಯಲ್ಲಿ ಲಾಭ. ಘಾಟಿಗೆ ಸೀನುತ್ತ ಬಂದ ಪಕ್ಕದ ಮನೆಯ ಕರಿಯವ್ವ, "ಗಂಡಗ ದೃಷ್ಟಿ ತೆಗ್ಯಾಕತ್ತೀಯೇನ ಯವ್ವಾ?" ಎಂದು ಕೇಳಿದಳು.

ಒಂದು ತಿಂಗಳಲ್ಲಿ ಚಾಳಿ ಬಿಟ್ಟಂತೆ ಕಂಡಿತು. ಹೀಲಿಯಂ ಎಳೆದುಕೊಂಡರೆ ದನಿ ಕೀಚಲಾಗುತ್ತದೆ. ನೀರಿನೊಳಗೆ ಕೋಳಿಮರಿಯೊಂದು 'ಲಾಭ, ಲಾಭ' ಎಂದ ಹಾಗೆ ಕೇಳಿತೆಂದು ವೀರೇಂದ್ರ ಸರ್ ಹೇಳಿ ನಕ್ಕರಂತೆ. ನಾನೂ ನಕ್ಕೆ. ಆದರೆ ಅನ್ನ ಬಸಿಯುವಾಗ, ಬಟ್ಟೆ ಒಗೆಯುವಾಗ ಒಂದೇ ಯೋಚನೆ ಕೊರೆಯುತ್ತಿತ್ತು. ಇವರನ್ನು ಆ ಆಳಕ್ಕೆ ಇಳಿಸಲು ನಾನೇ ಕೈಯಾರೆ ತಯಾರು ಮಾಡುತ್ತಿದ್ದೆನಲ್ಲ.

ಕೊನೆಯ ಪರೀಕ್ಷೆಯ ದಿನ ನಾನೂ ಕ್ವಾರಿಗೆ ಹೋದೆ. ಬೆಳಗ್ಗೆ ಒಂಬತ್ತಕ್ಕೆ ಇವರು, ವೀರೇಂದ್ರ ಸರ್ ಇಬ್ಬರೂ ಇಳಿದರು. ನೂರ ಅರವತ್ತು ಅಡಿ, ತಳದಲ್ಲಿ ಹದಿನೈದು ನಿಮಿಷ, ಮೇಲೆ ಬರಲು ಹತ್ತಿರಹತ್ತಿರ ಒಂದು ತಾಸು. ದಡದಲ್ಲಿ ಗಡಿಯಾರ ಹಿಡಿದು ಕೂತವರು ಹಾಜಿರಾಬಿ, ಸಿಲಿಂಡರ್ ತುಂಬುವ ಹೆಂಗಸು. ನೀರಿನ ಮೇಲೆ ಎರಡು ಕಡೆ ಗುಳ್ಳೆ ಏಳುತ್ತಿದ್ದವು. ತಳಕ್ಕೆ ಇಳಿಬಿಟ್ಟ ಹಗ್ಗದ ಹತ್ತಿರದವು ನನ್ನ ಗಂಡನವು.

"ಇಷ್ಟೊತ್ತಿಗೆ ಎಪ್ಪತ್ತಡಿಗೆ ಬಂದಿರ್ತಾರ, ಸಿಲಿಂಡರ್ ಬದ್ಲಿ ಮಾಡ್ತಾರ. ನೀ ಗುಳ್ಳಿ ನೋಡ್ತಿರು ಬೇಟಿ, ಜೀಪಿನ್ಯಾಗಿಂದ ಆಕ್ಸಿಜನ್ ತರ್ತೇನಿ" ಎಂದು ಹಾಜಿರಾಬಿ ಎದ್ದು ಹೋದರು.

ಅವರು ಅತ್ತ ಹೋದರು, ಇತ್ತ ಹಗ್ಗದ ಹತ್ತಿರದ ಗುಳ್ಳೆ ನಿಂತಿತು. ಲಾಭ, ಎರಡು, ಮೂರು ಎಂದು ಎಣಿಸತೊಡಗಿದೆ. ಅಷ್ಟು ಆಳದಿಂದ ಗುಳ್ಳೆ ಮೇಲೆ ಬರಲು ಒಂದು ನಿಮಿಷವಾದರೂ ಬೇಕೆಂದು ಬೆಳಗ್ಗೆಯಷ್ಟೇ ಹಾಜಿರಾಬಿ ಹೇಳಿದ್ದರು. ಅಂದರೆ ನಾನು ನೋಡುತ್ತಿದ್ದುದು ಆಗಲೇ ಆಗಿಹೋದದ್ದು. ಕೂಗಿದರೂ ಕೇಳುವುದಿಲ್ಲ, ಹಾರಿದರೂ ಮುಟ್ಟುವುದಿಲ್ಲ. ಹದಿನೆಂಟು, ಹತ್ತೊಂಬತ್ತು. ಸಿಲಿಂಡರಿನ ಬಿಗಿಯಾದ ತಿರುಪು ತಿರುಗಿಸುತ್ತಿರಬೇಕು, ಲಾಭ ಮರೆತಿರಬೇಕು. ಮೂವತ್ತು. ಕದರಮಂಡಲಗಿ ಹನುಮಪ್ಪನನ್ನು ನೆನೆದೆ, ಬೈದೆ, ಮತ್ತೆ ನೆನೆದೆ. ಮೂವತ್ತೆಂಟಕ್ಕೆ ಬುಳಬುಳನೆ ಗುಳ್ಳೆ ಎದ್ದವು.

ಇಬ್ಬರೂ ಮೇಲೆ ಬಂದಾಗ ವೀರೇಂದ್ರ ಸರ್ ಖುಷಿಯಾಗಿದ್ದರು.

"ತಳದಾಗ ಭಾಳ ಛಲೋ ಮಾಡಿದಿ ಯಲ್ಲೇಶ. ಎಪ್ಪತ್ತಡಿ ಒಳಗ ಮಾತ್ರ ನಾನೂ ನನ್ನ ಸಿಲಿಂಡರ್ ಬದ್ಲಿ ಮಾಡಾಕತ್ತಿದ್ದೆ, ನಿನ್ನ ಕಡೆ ನೋಡಲಿಲ್ಲ. ಹಾಜಿರಾಬಿ, ಗುಳ್ಳಿ ನಿಂತಿದ್ವೇನ್ರಿ?"

"ನಾ ಜೀಪಿನ ಕಡೆ ಹೋಗಿದ್ನಿರಿ. ಶಿಲ್ಪಾ ನೋಡಾಕತ್ತಿದ್ಲು."

ಎಲ್ಲರೂ ನನ್ನ ಕಡೆ ತಿರುಗಿದರು. ಇವರ ಕೆನ್ನೆಯ ಮೇಲೆ ಮಾಸ್ಕಿನ ಗೆರೆ ಮೂಡಿತ್ತು. ಇಲ್ಲ ಅನ್ನು, ಇಲ್ಲ ಅನ್ನು ಎಂದು ಆ ಕಣ್ಣು ಬೇಡಿಕೊಳ್ಳುತ್ತಿತ್ತು. ಒಂದು ಮಾತಿನಿಂದ ಆ ಬೆನ್ನಿನ ಮೇಲಿನ ಚೀಲ ಇಳಿಸಬಹುದಿತ್ತು. ಆದರೆ ಮುಂದಿನ ಸಲ ಯಾವುದೋ ಅಣೆಕಟ್ಟಿನ ಕೆಳಗೆ ಕತ್ತಲೆಯಲ್ಲಿ ತಿರುಪು ಬಿಗಿಯಾದರೆ?

"ನಿಂತಿದ್ವುರಿ" ಎಂದೆ. "ಮೂವತ್ತೆಂಟು ಎಣಿಸೇನಿ."

ವೀರೇಂದ್ರ ಸರ್ ಇವರ ಮುಖ ನೋಡಿದರು. "ಖರೇ ಏನಪಾ?" ಇವರು ತಲೆ ತಗ್ಗಿಸಿದರು. ಸರ್ ಹಾಜಿರಾಬಿಯ ಕೈಯಿಂದ ಪಾಸಿನ ಕಾಗದ ಇಸಿದುಕೊಂಡು, ಸಹಿ ಹಾಕದೆ ಮಡಚಿ ಹಿಂದಕ್ಕೆ ಕೊಟ್ಟರು.

ಬೈಕಿನಲ್ಲಿ ಬ್ಯಾಡಗಿಗೆ ಮರಳುವಾಗ ಇವರು ಆಡಿದ್ದು ಒಂದೇ ಮಾತು.

"ಎಲ್ಲಾರ ಮುಂದ ನೀನ ಹೇಳಬೇಕಾಗಿತ್ತೇನ?"

"ಹೂಂ. ನಾನ ಹೇಳಬೇಕಾಗಿತ್ತು."

ಮರುದಿನದಿಂದ ಮತ್ತೆ ಚೀಲ ಹೊರುತ್ತಿದ್ದಾರೆ. ಸಂಜೆ ಬಂದು ಗೋಡೆಗೆ ಒರಗಿ ಕೂರುತ್ತಾರೆ. ಎಣ್ಣೆ ಬಟ್ಟಲು ಹಿಡಿದು ಹೋದರೆ ಬೆನ್ನು ಕೊಡುವುದಿಲ್ಲ. ಇವತ್ತಿಗೆ ಎಂಟು ದಿನವಾಯಿತು, ನನ್ನೊಂದಿಗೆ ಮಾತು ಬಿಟ್ಟು. ನನಗೆ ಸಂಕಟವಾಗುವುದಿಲ್ಲವೇ? ಆಗುತ್ತದೆ, ಒಬ್ಬಳೇ ಇದ್ದಾಗ ಅತ್ತಿದ್ದೇನೆ. ರೊಟ್ಟಿ ಬಡಿದು ತಟ್ಟೆ ಮುಂದಿಡುತ್ತೇನೆ, ಮುಖ ನೋಡದೆ ಉಂಡು ಏಳುತ್ತಾರೆ. ಏಳಲಿ. ಮಾತು ಬಿಟ್ಟ ಗಂಡನಿಗಾದರೆ ರೊಟ್ಟಿ ಬಡಿದು ಹಾಕಬಹುದು.