ಬುಧವಾರ ಬರುತ್ತಿದ್ದವಳು

ನಿಂಗಮ್ಮನ ಮನೆಗೆ ನಾನು ಹೋಗಿರಲಿಲ್ಲ. ಐದು ಬುಧವಾರ ಹೋಗಿದ್ದೆ ಎಂದು ಬರೆದೆ, ಐದು ಸಲ ಅವಳ ರಕ್ತದೊತ್ತಡ ನೋಡಿದೆ ಎಂದು ಬರೆದೆ, ಐದು ಸಲವೂ ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಿದೆ. ಅವಳು ಸತ್ತುಹೋದಳು. ಹನ್ನೊಂದು ವರ್ಷ ಈ ಮಾತನ್ನು ನುಂಗಿಕೊಂಡೇ ಬದುಕಿದೆ — ಬದುಕಿದ್ದಷ್ಟೇ ಅಲ್ಲ, ನರ್ಸಿಂಗ್ ಕಲಿಯಲು ಬರುವ ಮಕ್ಕಳಿಗೆ ಮನೆಮನೆಗೆ ಹೋಗುವುದು ಹೇಗೆ ಎಂದು ಪಾಠವನ್ನೂ ಮಾಡಿದೆ.

ನಾನು ಆವತಿಯವಳು. ನಮ್ಮದು ಜಮೀನಿದ್ದ ಮನೆ. ಆಗ ದೇವನಹಳ್ಳಿಯಲ್ಲಿ ನರ್ಸಿಂಗ್ ಓದುತ್ತಿದ್ದೆ. ಎರಡನೇ ವರ್ಷದಲ್ಲಿ ಆರು ವಾರ ಹಳ್ಳಿಯ ಕೆಲಸ ಇರುತ್ತಿತ್ತು. ನಮ್ಮ ತಂಡಕ್ಕೆ ಕುಂದಾಣದ ಕಡೆಯ ಒಂದು ಊರು ಸಿಕ್ಕಿತು. ಒಬ್ಬೊಬ್ಬರಿಗೆ ಐದು ಕುಟುಂಬ. ಪ್ರತಿ ಬುಧವಾರ ಆ ಐದೂ ಮನೆಗೆ ಹೋಗಬೇಕು, ನೋಡಿದ್ದನ್ನು ಫೈಲಿನಲ್ಲಿ ಬರೆಯಬೇಕು. ನಮ್ಮನ್ನು ಕರೆದೊಯ್ಯುತ್ತಿದ್ದವರು ವಿಮಲಾ ಮೇಡಂ. ಅವರು ಮನೆ ಹಂಚುವಾಗ ಎಲ್ಲರಿಗೂ ನಾಲ್ಕು ಮನೆ ಊರೊಳಗೆ ಕೊಟ್ಟು, ಐದನೆಯದನ್ನು ಬೇಕೆಂತಲೇ ಊರಾಚೆ ಕೊಟ್ಟರು. "ಊರಿನ ಆಶಾ ಬರೆದಿಟ್ಟ ಪಟ್ಟೀಲಿ ಇರೋರ ಮನೆಗೆ ಯಾರಾದ್ರೂ ಹೋಗ್ತಾರೆ ಕಣ್ರೇ. ಪಟ್ಟೀಲಿ ಇಲ್ಲದೋರ ಮನೆಗೆ ನೀವು ಹೋಗ್ಬೇಕು. ಈ ಆರು ವಾರದಲ್ಲಿ ಅದೊಂದು ಕಲಿತ್ರೆ ಸಾಕು" ಎಂದಿದ್ದರು.

ನನ್ನ ಐದನೇ ಮನೆ ಕೆರೆಯಾಚೆಯ ಗುಲಾಬಿ ತೋಟದಲ್ಲಿತ್ತು. ಬಿಳಿ ಪ್ಲಾಸ್ಟಿಕ್ ಹೊದಿಸಿದ ಉದ್ದುದ್ದ ಶೆಡ್ಡುಗಳು, ಅವುಗಳ ಹಿಂದೆ ಕೆಲಸದವರಿಗೆಂದು ಕಟ್ಟಿಸಿದ ಶೀಟಿನ ಕೋಣೆಗಳ ಸಾಲು. ಎಲ್ಲರೂ ಯಾದಗಿರಿ ಕಡೆಯಿಂದ ಬಂದವರು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ, "ಅವ್ರು ಈ ಊರೋರಲ್ಲ ಕಣಮ್ಮ. ಇವತ್ತು ಇರ್ತಾರೆ, ನಾಳೆ ಗಂಟುಮೂಟೆ ಕಟ್ಕೊಂಡು ಹೋಗ್ತಾರೆ" ಎಂದಳು. ತೋಟದ ಮೇಸ್ತ್ರಿ ಕೊಟ್ಟ ಚೀಟಿಯಲ್ಲಿ ಇಷ್ಟೇ ಇತ್ತು: ನಿಂಗಮ್ಮ, ಇಪ್ಪತ್ತು ವರ್ಷ, ಮೊದಲ ಬಸಿರು, ಏಳು ತಿಂಗಳು. ಗಂಡ ಮತ್ತು ಅತ್ತೆ ಭೀಮವ್ವ ಹಗಲೆಲ್ಲ ತೋಟದ ಕೆಲಸದಲ್ಲಿ.

ಮೊದಲ ಬುಧವಾರ ನಾನು ತೋಟದ ಗೇಟಿನವರೆಗೂ ಹೋದೆ. ನಡು ಮಧ್ಯಾಹ್ನ. ಒಂದು ನರಪಿಳ್ಳೆಯೂ ಕಾಣಲಿಲ್ಲ. ಗಾಳಿಗೆ ಶೆಡ್ಡಿನ ಪ್ಲಾಸ್ಟಿಕ್ ಉಬ್ಬುತ್ತಿತ್ತು, ಒಳಕ್ಕೆ ಸೇದಿಕೊಳ್ಳುತ್ತಿತ್ತು — ಒಳಗೆ ಏನೋ ದೊಡ್ಡದು ಮಲಗಿಕೊಂಡು ಉಸಿರಾಡಿದ ಹಾಗೆ. ವಿಮಾನವೊಂದು ಬಹಳ ಕೆಳಗೆ ಇಳಿದುಬಂತು. ಅದರ ನೆರಳು ಆ ಬಿಳಿ ಮಾಡುಗಳ ಮೇಲೆ ಜಾರಿ, ನನ್ನನ್ನೂ ದಾಟಿ ಹೋಯಿತು. ಹೆದರಿ ವಾಪಸು ಬಂದೆ ಎಂದರೆ ಕೇಳುವವರಿಗೆ ಅಯ್ಯೋ ಪಾಪ ಅನ್ನಿಸಬಹುದು. ಆದರೆ ನಾನು ಹೆದರಲಿಲ್ಲ. ನನಗೆ ಬೇಜಾರಾಯಿತು, ಅಷ್ಟೇ. ಬಿಸಿಲು ಹೆಚ್ಚಿತ್ತು. ಒಳಗಿದ್ದವಳು ನಮ್ಮವಳಲ್ಲ, ಮೂರು ತಿಂಗಳಲ್ಲಿ ಎಲ್ಲಿಗೋ ಹೋಗುವವಳು — ಆಶಾ ಹೇಳಿದ್ದನ್ನು ನಾನು ಒಪ್ಪಿಕೊಂಡುಬಿಟ್ಟಿದ್ದೆ, ನಿಜ ಹೇಳಬೇಕೆಂದರೆ ಅವಳು ಹೇಳುವ ಮೊದಲೇ ಒಪ್ಪಿಕೊಂಡಿದ್ದೆ.

ಕೆರೆ ಏರಿಯ ಹೊಂಗೆ ಮರದಡಿ ಕೂತು ಫೈಲು ತೆರೆದೆ. ರಕ್ತದೊತ್ತಡ ನೂರಹತ್ತು, ಎಪ್ಪತ್ತು. ಕಾಲು ಊತ ಇಲ್ಲ. ತಲೆನೋವು ಇಲ್ಲ. ಮುದ್ದೆ, ಸೊಪ್ಪು ತಿನ್ನಲು ತಿಳಿಸಲಾಯಿತು. ಮುಂದಿನ ನಾಲ್ಕು ಬುಧವಾರ ಗೇಟಿನವರೆಗೂ ಹೋಗಲಿಲ್ಲ. ನೇರವಾಗಿ ಮರದಡಿಗೇ. ಸಂಖ್ಯೆಯನ್ನು ಒಂದೆರಡು ಹೆಚ್ಚುಕಡಿಮೆ ಮಾಡುತ್ತಿದ್ದೆ, ನಿಜವಾಗಿ ಕಾಣಲಿ ಎಂದು.

ಆರನೇ ಬುಧವಾರ ಮೇಡಂ ತಪಾಸಣೆಗೆ ಬಂದರು. "ನಡಿ ಸುಕನ್ಯಾ, ಮೊದಲು ನಿನ್ನ ಐದನೇ ಮನೆ ತೋರ್ಸು" ಎಂದರು. ಕೆರೆ ಏರಿ ದಾಟಿದೆವು. ಕೋಣೆಗಳ ಸಾಲಿನ ಮುಂದೆ ನಿಂತಾಗ ಎಲ್ಲ ಬಾಗಿಲೂ ಒಂದೇ ತರಹ ನೀಲಿ. ಅವಳದು ಯಾವುದು ಎಂದೇ ನನಗೆ ಗೊತ್ತಿಲ್ಲ. "ಯಾವುದು?" ಎಂದರು ಮೇಡಂ. ಈಗ ಸಿಕ್ಕಿಬಿದ್ದೆ ಎಂದುಕೊಂಡೆ.

ಕೊನೆಯ ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಒಬ್ಬ ಬಸುರಿ ಹುಡುಗಿ ಚೌಕಟ್ಟು ಹಿಡಿದು ನಿಂತಿದ್ದಳು. ನೇರ ನನ್ನ ಕಡೆಗೆ ನೋಡಿ ನಕ್ಕಳು.

"ಬಾರ್ರಿ ಅಕ್ಕಾರೆ. ಇವತ್ತ ತಡಾ ಮಾಡಿದ್ರಿ."

ನಾನು ಅವಳನ್ನು ನೋಡಿದ್ದು ಅದೇ ಮೊದಲು.

ಮೇಡಂಗೆ ಖುಷಿಯಾಯಿತು. "ಇವ್ರು ಪ್ರತಿ ವಾರ ಬರ್ತಾರೇನಮ್ಮ?" ಎಂದು ಕೇಳಿದರು.

"ಹೂಂರಿ, ಬುಧವಾರಕ್ಕೊಮ್ಮಿ. ಬಂದು ಬಾಜೂಕ ಕುಂದರ್ತಾರ. ತೋಳಿಗಿ ಪಟ್ಟಿ ಕಟ್ತಾರ. ಮಾತಾಡಂಗಿಲ್ರಿ, ಸುಮ್ನ ಕುಂತು ಎದ್ದು ಹೋಗ್ತಾರ." ನನ್ನ ಕೈ ಹಿಡಿದುಕೊಂಡಳು. ಹಿಡಿದು, ಯಾಕೋ ಹುಬ್ಬು ಗಂಟಿಕ್ಕಿದಳು. "ಇವತ್ತ ಕೈ ಬೆಚ್ಚಗ ಅದಾವ. ಯಾವಾಗ್ಲೂ ತಣ್ಣಗ ಇರ್ತಿದ್ವು."

ಅವಳ ಬಲತೋಳಿನ ಸುತ್ತ ಒಂದು ಗೆರೆ ಇತ್ತು, ಬಿ.ಪಿ. ಪಟ್ಟಿ ಬಿಗಿದು ಬಿಚ್ಚಿದ ಮೇಲೆ ಉಳಿಯುವಂಥ ಕೆಂಪು ಗುರುತು. ಊದಿದ ತೋಳಿಗೆ ರವಿಕೆ ಕಚ್ಚಿದ ಗುರುತು ಅದು ಎಂದು ಇವತ್ತಿನ ನನ್ನ ವಿದ್ಯೆ ಹೇಳುತ್ತದೆ. ರಕ್ತದೊತ್ತಡ ವಿಪರೀತ ಏರಿದವರ ಕಣ್ಣಿಗೆ ಮಂಜು ಕವಿಯುತ್ತದೆ, ಇಲ್ಲದ್ದು ಕಾಣಬಹುದು ಎಂದೂ ಹೇಳುತ್ತದೆ. ಬುಧವಾರ ಬಿಳಿ ಕೋಟು ಹಾಕಿಕೊಂಡ ನಾವು ದೂರದ ಏರಿ ಮೇಲೆ ಓಡಾಡಿದ್ದು ಅವಳಿಗೆ ಕಂಡಿದ್ದಿರಲೂಬಹುದು. ಆದರೆ ಆ ಹೊತ್ತಿನಲ್ಲಿ ನನಗೆ ಅದೆಲ್ಲ ಹೊಳೆಯಲಿಲ್ಲ. ಹೊಳೆದದ್ದು ಒಂದೇ — ನಾನು ಬಚಾವಾದೆ.

ಮೇಡಂ ಅವಳ ಪಾದ ನೋಡಿದರು. "ಊತ ಇದ್ಯಲ್ಲೇ ಇದು? ಬಿ.ಪಿ. ಇವತ್ತು ನೋಡಿದ್ಯಾ?"

ಅವರ ಕೈ ಆಗಲೇ ಬಿ.ಪಿ. ಯಂತ್ರವಿದ್ದ ಚೀಲದ ಜಿಪ್ಪಿನ ಮೇಲಿತ್ತು. ಅವರು ಅಳೆದಿದ್ದರೆ ಫೈಲಿನಲ್ಲಿದ್ದ ಐದೂ ಸಾಲು ಸುಳ್ಳೆಂದು ತಿಳಿದುಬಿಡುತ್ತಿತ್ತು.

"ಬೆಳಗ್ಗೇನೇ ಬಂದು ನೋಡ್ದೆ ಮೇಡಂ. ನಾರ್ಮಲ್ ಇದೆ. ಬಿಸಿಲಿಗೆ ಊದಿರೋದು" ಎಂದೆ.

'ಇವತ್ತು ತಡ ಮಾಡಿದಿರಿ' ಎಂದು ಆಗತಾನೇ ಅಂದಿದ್ದ ನಿಂಗಮ್ಮ ನನ್ನನ್ನೇ ನೋಡಿದಳು. ಇಲ್ಲ ಎನ್ನಲಿಲ್ಲ. ಮೆಲ್ಲಗೆ, "ಹೂಂ, ಮುಂಜಾನೆ ಬಂದಿದ್ರು" ಎಂದಳು. ನನ್ನನ್ನು ಕಾಪಾಡಲು ಹೇಳಿದಳೋ, ನಿಜವಾಗಿಯೂ ಯಾರೋ ಬಂದಿದ್ದರೋ — ಇವತ್ತಿಗೂ ಗೊತ್ತಿಲ್ಲ.

ಇನ್ನೂ ಎಷ್ಟೋ ಮನೆಗಳ ತಪಾಸಣೆ ಬಾಕಿ ಇತ್ತು. ಮೇಡಂ ಚೀಲ ಹೆಗಲಿಗೇರಿಸಿ, "ಸೋಮವಾರ ಆಸ್ಪತ್ರೆಗೆ ಬಾಮ್ಮ, ಒಂದ್ಸಲ ಡಾಕ್ಟರ್ ನೋಡ್ಲಿ" ಎಂದು ಹೇಳಿ ಹೊರಟರು. ತಿರುಗಿ ನೋಡಿದೆ. ನಿಂಗಮ್ಮ ಒಳಗೆ ಹೋಗಿ, ಚಾಪೆಯ ಒಂದು ಅಂಚಿಗೆ ಸರಿದು ಕೂತಿದ್ದಳು. ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟ ಹಾಗೆ.

ಶುಕ್ರವಾರ ಬೆಳಗ್ಗೆ ಅವಳಿಗೆ ಫಿಟ್ಸ್ ಬಂತು. ಕಣ್ಣು ಮೇಲೆ ಸಿಕ್ಕಿಕೊಂಡು, ಹಲ್ಲು ಕಚ್ಚಿ, ಮೈಯೆಲ್ಲ ಸೆಟೆದು ನಡುಗಿದಾಗ ಸುತ್ತಲಿನವರು ಗಾಳಿ ಸೋಕಿದೆ ಎಂದರು. ಬಿಳಿ ಬಟ್ಟೆಯವಳು ಬಂದು ಪಕ್ಕದಲ್ಲಿ ಕೂರುತ್ತಾಳೆ ಎಂದು ಅವಳೇ ಹೇಳಿಕೊಂಡಿದ್ದಳಲ್ಲ, ಅದೇ ಹಿಡಿದಿದೆ ಎಂದರು. ಮಂತ್ರ ಹಾಕುವವನ ಹತ್ತಿರ ಎತ್ತಿಕೊಂಡು ಹೋದರು. ಅಲ್ಲಿ ಅರ್ಧ ದಿನ ಕಳೆಯಿತು. ಆಸ್ಪತ್ರೆಗೆ ತಂದಾಗ ಮಗುವನ್ನು ಉಳಿಸಿಕೊಳ್ಳಲು ಆಯಿತು, ಅವಳನ್ನು ಆಗಲಿಲ್ಲ.

ಕಾಲೇಜಿನಲ್ಲಿ ಫೈಲು ತರಿಸಿ ನೋಡಿದರು. ಆ ಆರನೇ ಬುಧವಾರ ಬೆಳಗಿನ ಸುಳ್ಳು ಲೆಕ್ಕವನ್ನೂ ಅಷ್ಟರಲ್ಲಿ ನಾನು ಬರೆದಿಟ್ಟಿದ್ದೆ. ವಿದ್ಯಾರ್ಥಿನಿಯದೇನೂ ತಪ್ಪಿಲ್ಲ, ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಿದೆ ಎಂದು ತೀರ್ಮಾನವಾಯಿತು. ವಿಮಲಾ ಮೇಡಂ ಮಾತ್ರ ತಮ್ಮನ್ನು ತಾವು ಬಿಡಲಿಲ್ಲ. "ಚೀಲ ನನ್ನ ಹೆಗಲ ಮೇಲೇ ಇತ್ತು" ಎನ್ನುತ್ತಿದ್ದರು. ಆ ವರ್ಷವೇ ಹಳ್ಳಿಗೆ ಹೋಗುವುದು ಬಿಟ್ಟರು, ಆಮೇಲೆ ಕೆಲಸವನ್ನೂ ಬಿಟ್ಟರು. ಒಂದು ಮಾತು ಹೇಳಿದ್ದರೆ ಅವರ ಎದೆಯ ಭಾರ ಇಳಿಯುತ್ತಿತ್ತು. ನಾನು ಹೇಳಲಿಲ್ಲ.

ಮುಂದಿನ ವಾರ ನಾವೆಲ್ಲ ಮಾತಾಡಿಸಿಕೊಂಡು ಬರಲು ಹೋದಾಗ ಭೀಮವ್ವ ನನ್ನ ಎರಡೂ ಕೈ ಹಿಡಿದು ಹಣೆಗೊತ್ತಿಕೊಂಡಳು. "ಈ ಊರಾಗ ನಮ್ಮ ಬಾಗಿಲಿಗಿ ಬಂದಾಕಿ ನೀ ಒಬ್ಬಾಕಿನ ತಾಯಿ" ಎಂದು ಅತ್ತಳು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನೂ ಅತ್ತೆ. ಆ ಅಳು ಯಾತರದ್ದೆಂದು ನನಗೊಬ್ಬಳಿಗೇ ಗೊತ್ತಿತ್ತು.

ಓದು ಮುಗಿಸಿ ನಾನೂ ಪಾಠ ಹೇಳುವವಳಾದೆ. ನನ್ನ ವಿದ್ಯಾರ್ಥಿನಿಯರ ಜೊತೆ ಹೊಸಕೋಟೆ, ದೊಡ್ಡಬಳ್ಳಾಪುರದ ಹಳ್ಳಿಗಳನ್ನೆಲ್ಲ ಸುತ್ತಿದ್ದೇನೆ. ಅವರು ಅಳೆದ ಬಿ.ಪಿ.ಯನ್ನು ನಾನು ಮತ್ತೊಮ್ಮೆ ಅಳೆಯುತ್ತೇನೆ; ಎಂಥ ಶ್ರದ್ಧೆ ಎಂದು ಹೊಗಳುತ್ತಾರೆ. ಕೆಲವೊಮ್ಮೆ ಯಾವುದಾದರೂ ಹೊಸ ಮನೆಯ ಹೊಸ್ತಿಲಲ್ಲಿ ನಿಂತಾಗ ಒಳಗಿನಿಂದ ಹೆಂಗಸೊಬ್ಬಳು, "ಆಗ್ಲೇ ಒಬ್ರು ಸಿಸ್ಟರ್ ಬಂದು ಹೋದ್ರಲ್ಲ" ಎನ್ನುತ್ತಾಳೆ. ಬೇರೆ ಆಸ್ಪತ್ರೆಯವರಿರಬೇಕು, ಇದ್ದೇ ಇರುತ್ತಾರೆ. ಯಾರು, ಹೇಗಿದ್ದರು ಎಂದು ಕೇಳುವ ಧೈರ್ಯ ಮಾತ್ರ ನನಗೆ ಬಂದಿಲ್ಲ.

ಕಳೆದ ತಿಂಗಳು ಸಮೇತನಹಳ್ಳಿಯ ಹತ್ತಿರ ಕೆಲಸದಲ್ಲಿದ್ದಾಗ ಕಾವ್ಯಾ ಎಂಬ ವಿದ್ಯಾರ್ಥಿನಿ ನನ್ನನ್ನು ಪಕ್ಕಕ್ಕೆ ಕರೆದಳು. "ಮೇಡಂ, ಒಂದು ಮನೆಗೆ ನಾನು ಹೋಗೇ ಇಲ್ಲ. ಸುಮ್ನೆ ಬರ್ದ್ಬಿಟ್ಟೆ. ಮೂರು ದಿನದಿಂದ ಊಟ ಸೇರ್ತಿಲ್ಲ." ಅವಳನ್ನು ಕರೆದುಕೊಂಡು ಆ ಮನೆಗೆ ಹೋದೆ. ಅಲ್ಲಿದ್ದ ಅಜ್ಜ ಚೆನ್ನಾಗಿದ್ದರು, ಕಾಫಿ ಕೊಟ್ಟರು. ಬರುವಾಗ ಕಾವ್ಯಾ, "ಬೈಯಿರಿ ಮೇಡಂ" ಎಂದಳು. ಹತ್ತೊಂಬತ್ತು ವರ್ಷದ ಹುಡುಗಿ ಮೂರು ದಿನದಲ್ಲಿ ಮಾಡಿದ್ದನ್ನು ನಾನು —

ಆ ಭಾನುವಾರವೇ ದೊಡ್ಡಬಳ್ಳಾಪುರಕ್ಕೆ ಹೋಗಿ ವಿಮಲಾ ಮೇಡಂ ಮುಂದೆ ಎಲ್ಲ ಹೇಳಿದೆ. ಅವರು, "ಅವಳೇ ಹೇಳಿದ್ಲಲ್ಲೇ, ನೀನು ಬಂದು ಕೂರ್ತೀಯಾಂತ" ಎಂದರು. "ನಾನಲ್ಲ ಮೇಡಂ" ಎಂದೆ. "ಮತ್ಯಾರು?" ಎಂದರು. ಕ್ಷಮಿಸಿದೆ ಎನ್ನಲಿಲ್ಲ, ಎದ್ದು ಹೋಗು ಎನ್ನಲೂ ಇಲ್ಲ. "ಮೊದಲು ಅವಳ ಮನೆಯೋರಿಗೆ ಹೇಳು" ಎಂದಷ್ಟೇ ಹೇಳಿ ಒಳಗೆ ಹೋದರು.

ತೋಟದ ಹಳೆಯ ಮೇಸ್ತ್ರಿಯನ್ನು ಹುಡುಕಿ, ಊರಿಗೆ ವಾಪಸಾಗಿದ್ದ ಭೀಮವ್ವನ ಫೋನ್ ನಂಬರ್ ಪಡೆದೆ. ಎತ್ತಿದ್ದು ಒಂದು ಹುಡುಗಿ, ಅಜ್ಜಿಗೆ ಕೊಟ್ಟಳು. ನಾನು ಯಾರೆಂದು ಹೇಳಿದೆ. ಹನ್ನೊಂದು ವರ್ಷದ ಹಿಂದೆ ಮೇಡಂ ಜೊತೆ ಬಂದ ದಿನ ಬಿಟ್ಟರೆ ನಿಮ್ಮ ಸೊಸೆಯ ಹತ್ತಿರ ನಾನು ಒಂದು ವಾರವೂ ಬಂದಿರಲಿಲ್ಲ, ಎಲ್ಲ ಸುಳ್ಳು ಬರೆದೆ, ಬಂದಿದ್ದರೆ ಅವಳು ಉಳಿಯುತ್ತಿದ್ದಳೋ ಏನೋ ಎಂದೆ.

ಭೀಮವ್ವ ಸಮಾಧಾನದ ದನಿಯಲ್ಲಿ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದಳು: "ಹಂಗ್ಯಾಕಂತಿ ತಾಯಿ? ನೀ ಬಂದಿದ್ದಿ. ಕಡೀ ದಿನ, ಶುಕ್ರವಾರ ಮುಂಜಾನಿ, ನಾನ ನೋಡೀನಿ. ಅಕಿ ಬಾಜೂಕ ಕುಂತು ತೆಲಿ ಸವರಾಕತ್ತಿದ್ದಿ. ನಾ ನೀರ ತರಾಕ ಹೋಗಿ ಬರೂದ್ರಾಗ ಎದ್ದು ಹೋಗಿದ್ದಿ."

ಶುಕ್ರವಾರ ಬೆಳಗ್ಗೆ ನಾನು ಕಾಲೇಜಿನ ತರಗತಿಯಲ್ಲಿದ್ದೆ. ಅದನ್ನೂ ಹೇಳಿದೆ. ಮುದುಕಿ ಕೇಳಿಸಿಕೊಳ್ಳಲಿಲ್ಲ. "ತಗೋ, ಮೊಮ್ಮಗಳು ಮಾತಾಡ್ತಾಳಂತ" ಎಂದು ಫೋನ್ ಹುಡುಗಿಗೆ ಕೊಟ್ಟುಬಿಟ್ಟಳು.

"ಅಕ್ಕಾರೆ, ಅಜ್ಜಿ ದಿನಾ ನಿಮ್ಮದೇ ಹೇಳ್ತಾಳ್ರಿ" ಎಂದಳು ಹುಡುಗಿ. ದನಿಯಲ್ಲಿ ನಾಚಿಕೆ, ಸಂಭ್ರಮ. "ನಾನೂ ನರ್ಸ್ ಆಗ್ತೀನ್ರಿ. ನಿಮ್ಮಂಗ."

ಅವರ ಊರಿನ ಹೆಸರು ಕೇಳಿ ಬರೆದುಕೊಂಡು ಫೋನ್ ಇಟ್ಟೆ.

ನಿನ್ನೆ ಪ್ರಿನ್ಸಿಪಾಲರಿಗೆ ಇದನ್ನೆಲ್ಲ ಬರೆದು ಕೊಟ್ಟಿದ್ದೇನೆ. ನನ್ನ ಕೆಲಸ ಇರುತ್ತದೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಈ ಶನಿವಾರ ಯಾದಗಿರಿಗೆ ಹೊರಡುತ್ತೇನೆ. ಆ ಮನೆಯಲ್ಲಿ ನನ್ನನ್ನು ದೇವರ ಹಾಗೆ ಕೂರಿಸಬಹುದು, ಗೊತ್ತು. ಮುದುಕಿ ಮತ್ತೆ ನನ್ನ ಮಾತನ್ನು ತಳ್ಳಿಹಾಕಬಹುದು. ಆದರೂ ಆ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಅವಳ ತಾಯಿಯ ಪಕ್ಕ ಯಾರೇ ಕೂತಿದ್ದರೂ ಅದು ನಾನಲ್ಲ ಎಂದು ಹೇಳಬೇಕು. ಅವಳು ನಂಬುವವರೆಗೂ ಹೇಳಬೇಕು.