ಲಟ್ಟಣಿಗೆ ಹಿಡಿದ ಅತ್ತೆ

ಹಳೆಯ ಹಾಸ್ಯ ಧಾರಾವಾಹಿ ಮತ್ತೆ ಶುರುವಾಗುತ್ತದೆ ಎಂದಾಗಿನಿಂದ ಲಕ್ಷ್ಮೇಶ್ವರದ ನಮ್ಮ ಓಣಿಯ ಹೆಂಗಸರೆಲ್ಲ ಕಾದಿದ್ದೆವು. ಅದರಲ್ಲಿ ಅತ್ತೆಯ ಪಾತ್ರದಾಕೆ ಅಂಗೈಯಿಂದ ಜೋಳದ ರೊಟ್ಟಿ ಬಡಿಯುತ್ತಲೇ ಸೊಸೆಯನ್ನು ಬೈಯುತ್ತಿದ್ದಳು. ಸಿಟ್ಟು ಏರಿದಂತೆ ಬಡಿತ ಜೋರಾಗುತ್ತಿತ್ತು, ರೊಟ್ಟಿ ತೆಳ್ಳಗಾಗುತ್ತಿತ್ತು. ಕೊನೆಗೆ ಬೈಸಿಕೊಂಡ ಸೊಸೆಯ ತಾಟಿಗೇ ಎಲ್ಲಕ್ಕಿಂತ ಚಂದದ ರೊಟ್ಟಿ ಬೀಳುತ್ತಿತ್ತು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಮೊನ್ನೆ ಮೊದಲ ಕಂತು ನೋಡಲು ಎಲ್ಲರೂ ನಮ್ಮ ಮನೆಯಲ್ಲೇ ಸೇರಿದರು. ಅತ್ತೆಯಾಗಿ ಬಂದವಳು ಬೇರೆ ಯಾರೋ, ತೀಡಿದ ಹುಬ್ಬಿನ ಹುಡುಗಿ. ಕೂದಲಿಗೆ ಒಂದಿಷ್ಟು ಬಿಳಿ ಬಣ್ಣ ಬಳಿದಿದ್ದರು. ಆಕೆ ಜೋಳದ ಹಿಟ್ಟು ಮುಂದಿಟ್ಟುಕೊಂಡು ಲಟ್ಟಣಿಗೆ ಕೈಗೆತ್ತಿಕೊಂಡಳು. ಬೈಗುಳ ಬಂತು, ಬಡಿತ ಬರಲಿಲ್ಲ. ಯಾರೂ ನಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ರೊಟ್ಟಿ ಬಡಿಯಲು ಬಾರದವಳನ್ನು ತಂದು ಕೂರಿಸಿದರೆ ಈ ಹೆಂಗಸರಿಗೇನು ಗೊತ್ತಾಗುತ್ತದೆ ಎಂದು ಧಾರಾವಾಹಿಯವರು ಅಂದುಕೊಂಡಿರಬೇಕು.

"ಮೊದಲಿನಾಕಿ ಎಲ್ಲಿ ಹೋದ್ಲು?" ನನ್ನ ಅತ್ತೆ ಕೇಳಿದರು.

ಪಕ್ಕದ ಮನೆಯಾಕೆ ಮೊಬೈಲಿನಲ್ಲಿ ಓದಿದ್ದನ್ನು ಹೇಳಿದಳು. "ಆಕಿಗೆ ವಯಸ್ಸಾತು ಅಂತ ತಗದಾರಂತ್ರಿ."

ಅತ್ತೆ ಟಿ.ವಿ. ಆರಿಸಿ, ರಿಮೋಟನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡರು.

"ಅತ್ತಿ ಆದಾಕಿಗೆ ವಯಸ್ಸಾಗದೇ ಮತ್ತೇನ ಆಗಬೇಕಾಗಿತ್ತಂತ?"