ಉಣ್ಣುವ ಮೊದಲು ನೋಡಿದ ಗಾಡಿ

ಆ ಬುಧವಾರ ಬೆಳಿಗ್ಗೆಯೂ ನಾನು ಎದ್ದು ಮೊದಲು ಮಾಡಿದ ಕೆಲಸ ಅತ್ತೆಯ ದಿನದ ನೀರನ್ನು ಅಳೆದು ಸ್ಟೀಲಿನ ಚೊಂಬಿಗೆ ತುಂಬಿಟ್ಟದ್ದು. ಇಡೀ ದಿನಕ್ಕೆ ಅಷ್ಟೇ. ಚಹಾ ಕುಡಿದರೂ ಸಾರು ಕುಡಿದರೂ ಅದರಲ್ಲೇ ಕಳೆಯಬೇಕು. ಚಳಿಗಾಲದಲ್ಲಿ ಅವರಿಗೆ ಅದು ಹೇಗೋ ಸಾಲುತ್ತಿತ್ತು. ಬೇಸಿಗೆಯಲ್ಲಿ ಅವರು ಚೊಂಬನ್ನೇ ನೋಡುತ್ತ ಕೂತಿರುವುದನ್ನು ಕಂಡರೆ ನನ್ನ ಲೋಟದ ನೀರನ್ನು ಹಿತ್ತಲಿಗೆ ಒಯ್ದು ಕುಡಿಯುತ್ತಿದ್ದೆ. ಆಮೇಲೆ ತರಕಾರಿ ಹೆಚ್ಚಿ, ಒಮ್ಮೆ ಕುದಿಸಿ, ಆ ನೀರು ಚೆಲ್ಲಿ, ಮತ್ತೆ ಬೇಯಲು ಇಟ್ಟೆ. ಮೂತ್ರಪಿಂಡ ಕೆಟ್ಟವರ ಮನೆಯಲ್ಲಿ ಅಡಿಗೆ ಎಂದರೆ ಹೀಗೆ, ರುಚಿಯನ್ನು ಚೆಲ್ಲಿ ಉಳಿದದ್ದನ್ನು ಬಡಿಸುವುದು. ಅವರು ಒಂದು ದಿನವೂ ಗೊಣಗಿದವರಲ್ಲ.

ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಕುಷ್ಟಗಿಯಿಂದ ಅವರನ್ನು ಕೊಪ್ಪಳಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯುವುದು ನಮ್ಮ ಮನೆಯ ಪದ್ಧತಿಯೇ ಆಗಿಹೋಗಿತ್ತು. ನಮ್ಮದು ಹಳೆಯ ಸಣ್ಣ ಕಾರು. ಹಿಂದಿನ ತಿಂಗಳು ಅದು ಇರಕಲ್ಲಗಡ ದಾಟುತ್ತಲೇ ಹೊಗೆ ಎಬ್ಬಿಸಿ ನಿಂತುಬಿಟ್ಟಿತ್ತು. ಬೇರೆ ವಾಹನ ಹಿಡಿದು ತಲುಪುವಷ್ಟರಲ್ಲಿ ಅತ್ತೆಯ ಪಾಳಿ ಇನ್ನೊಬ್ಬರಿಗೆ ಹೋಗಿತ್ತು. ಮರುದಿನ ಮಾಡಿಸಿದೆವು. ಆದರೆ ಆ ಒಂದು ರಾತ್ರಿ ಅವರು ಮಲಗಲಿಲ್ಲ. ಮಲಗಿದರೆ ಉಸಿರು ಹತ್ತುತ್ತಿತ್ತು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದರು. ಅವರ ಎದುರಿಗೆ ಕೂತಿದ್ದ ನನ್ನ ಯಜಮಾನರು ಬೆಳಿಗ್ಗೆ ಹೇಳಿದ್ದು ಒಂದೇ ಮಾತು: "ಈ ಗಾಡಿ ಸಾಕಿನ್ನ. ಒಂದು ದೊಡ್ಡ ಗಾಡಿ ತಗೊಳ್ಳೋದ."

ದೊಡ್ಡ ಗಾಡಿ ಗಂಗಾವತಿಯಲ್ಲಿತ್ತು. ಮಾವನವರ ಹಳೆಯ ಸ್ನೇಹಿತರೊಬ್ಬರು ಅಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಅವರು ಬಳಸಿದ, ನಾಲ್ಕೂ ಗಾಲಿ ಎಳೆಯುವ ವಿದೇಶಿ ಕಂಪನಿಯ ಗಾಡಿ. ಹೊಸದು ನಮ್ಮಂಥವರು ಕನಸಿನಲ್ಲೂ ಕೊಳ್ಳುವಂಥದಲ್ಲ. ಹಳೆಯದಾದ್ದರಿಂದ, ಅದೂ ಕಾಕಾನ ಕೈಯದಾದ್ದರಿಂದ ನಮಗೆ ಎಟುಕುವಂತಿತ್ತು. ನಮ್ಮ ಕಡೆ ಹಳೆಯ ಗಾಡಿ ಕೊಳ್ಳುವವರು ಎಂಜಿನ್ ಹೇಗಿದೆ ಎಂದು ಆಮೇಲೆ ಕೇಳುತ್ತಾರೆ. ಯಾರ ಕೈಯೊಳಗಿನ ಗಾಡಿ ಎಂಬುದು ಮೊದಲ ಪ್ರಶ್ನೆ. ಕೈ ಒಳ್ಳೆಯದಾದರೆ ಗಾಡಿಯೂ ಒಳ್ಳೆಯದು. ಯಜಮಾನರು ಅದನ್ನು ನಂಬಿಯೇ ಹೊರಟಿದ್ದರು.

ನಮ್ಮ ಸಣ್ಣ ಕಾರಿನ ಪೈಪೊಂದನ್ನು ಬಿಗಿ ಮಾಡಲು ಮಿಸ್ತ್ರಿ ಚಾಚಾ ಬೆಳಿಗ್ಗೆಯೇ ಬಂದಿದ್ದರು. ಮೊದಲಿನಿಂದಲೂ ಆ ಕಾರಿನ ರಿಪೇರಿ ಅವರ ಕೈಯಲ್ಲೇ ಇದೆ. ಚಹಾ ಕೊಡುತ್ತ ಕೇಳಿದೆ, "ಚಾಚಾ, ನೀವೂ ಬಂದಿದ್ರ ಛಲೋ ಇತ್ತಲ್ರಿ?"

"ನಾ ಯಾಕ್ರಿ ಅಕ್ಕಾರ? ಹೆಣ್ಣು ನೋಡಾಕ ಹೋಗುವಾಗ ಡಾಕ್ಟರ್‌ನ ಕರ್ಕೊಂಡು ಹೋಗ್ತಾರೇನ್ರಿ?" ಎಂದು ನಕ್ಕರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆ ಗಾಡಿ ನನ್ನ ಪಾನಾಕ್ಕ ಬಗ್ಗಂಗಿಲ್ರಿ. ಅದಕ್ಕ ಕಂಪ್ಯೂಟರ್ ಹಚ್ಚಬೇಕು. ಕೆಟ್ರ ಹುಬ್ಬಳ್ಳಿಗಿ ಹೊತ್ಕೊಂಡು ಹೋಗಬೇಕು, ಸಾಮಾನು ಬರೂತನಕಾ ಕಾಯ್ಕೋಂತ ಕುಂದರಬೇಕು. ಒಂದು ಮಾತು ಹೇಳ್ತೀನಿ ಕೇಳ್ರಿ. ಎಲ್ಲಾರೂ ಗಾಡಿ ಓಡ್ಸಿ ನೋಡ್ತಾರ. ನೀವು ನಿಂದ್ರಿಸಿ ನೋಡ್ರಿ. ತಾಸೊತ್ತು ಬಂದ್ ಮಾಡಿ ಬಿಡ್ರಿ, ಆಮ್ಯಾಲ ಹೆಂಗ ನಿಂತೈತಿ ನೋಡ್ರಿ. ಅದಕ್ಕ ಸ್ಪ್ರಿಂಗ್ ಇರಂಗಿಲ್ಲ, ಗಾಡಿ ಹೊರಾಕ ಗಾಳಿ ಚೀಲ ಇರ್ತಾವು. ಸೋರಿದ್ರ ಗಾಡಿ ಕುಂದರತೈತಿ."

ಚಾಚಾನನ್ನೂ ಕರೆದೊಯ್ಯೋಣವೇ ಎಂದು ಯಜಮಾನರನ್ನು ನಾನು ಹಿಂದಿನ ದಿನವೇ ಕೇಳಿದ್ದೆ. "ಕಾಕಾನ ಮನಿಗಿ ಮಿಸ್ತ್ರಿನ ಕರ್ಕೊಂಡು ಹೋಗೋದು ಅಂದ್ರ ಅವರ ಮುಖಕ್ಕ ಹೊಡದಂಗ" ಎಂದಿದ್ದರು. ಮಾತು ಅಲ್ಲಿಗೇ ಮುಗಿದಿತ್ತು.

ಅತ್ತೆಯ ಹತ್ತಿರ ನಾದಿನಿಯನ್ನು ಬಿಟ್ಟು ಹೊರಟೆವು. ತಾವರಗೇರಾ ದಾಟಿ ಕನಕಗಿರಿ ಬರುವವರೆಗೆ ಕಡಲೆ, ಜೋಳದ ಹೊಲಗಳು. ಅಲ್ಲಿಂದ ಮುಂದೆ ಕಾಲುವೆ ನೀರಿನ ಸೀಮೆ, ನೋಡಿದತ್ತ ಭತ್ತದ ಗದ್ದೆ. ಗಾಳಿಯೇ ಬೇರೆ, ಒದ್ದೆಯಾಗಿತ್ತು. ಯಜಮಾನರು ದಾರಿಯುದ್ದಕ್ಕೂ ಆ ಗಾಡಿಯ ಮಾತನ್ನೇ ಆಡಿದರು. ಹಿಂದಿನ ಸೀಟು ಮಡಚಿದರೆ ಅವ್ವ ಕಾಲು ಚಾಚಿ ಮಲಗಿಯೇ ಬರಬಹುದು. ತಗ್ಗು ದಿನ್ನೆ ಗೊತ್ತೇ ಆಗುವುದಿಲ್ಲ. ಮಳೆಗಾಲದಲ್ಲಿ ಹಳ್ಳ ಬಂದರೂ ದಾಟುತ್ತದೆ. ಎಷ್ಟೋ ದಿನಗಳ ಮೇಲೆ ಅವರು ಅಷ್ಟು ಮಾತಾಡಿದ್ದು. ನಾನು ಹೂಂಗುಟ್ಟುತ್ತಿದ್ದೆ.

ಗಾಡಿ ಕಾಕಾನ ಮನೆಯ ಮುಂದೆ ನಿಂತಿತ್ತು. ಕಪ್ಪು ಬಣ್ಣ, ಎತ್ತರ, ತೊಳೆದು ಒರೆಸಿದ ಮೈ. ನನ್ನ ಕಣ್ಣು ಮೊದಲು ಹೋದದ್ದು ಅದರ ಬಾನೆಟ್ಟಿನ ಮೇಲೆ ಮುದುಡಿ ಮಲಗಿದ್ದ ಬೆಕ್ಕಿನ ಮೇಲೆ. ಬೆಕ್ಕನ್ನು ಸವರುವವಳ ಹಾಗೆ ಅಂಗೈ ಊರಿದೆ. ಗಾಡಿ ನೆರಳಿನಲ್ಲಿದ್ದರೂ, ಈಗಷ್ಟೇ ಎಂಜಿನ್ ಓಡಿದ್ದರ ಹಾಗೆ, ತಗಡು ಬೆಚ್ಚಗಿತ್ತು. ಒಳಗಿನಿಂದ ಬಂದ ಕಾಕಾ, "ನಾಕು ದಿನ ಆತು ನೋಡಪಾ ಇದನ್ನ ಮುಟ್ಟಿ. ಈಗೀಗ ಎಲ್ಲಿ ಹೋಗ್ತೀನಿ ನಾನು?" ಎಂದರು. ನಾನು ಅಂಗೈ ಹಿಂದಕ್ಕೆ ತೆಗೆದುಕೊಂಡೆ. ಹಿರಿಯರು ಮರೆತಿರಬಹುದು ಎಂದುಕೊಂಡೆ. ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದು ಎಂದು ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಇಷ್ಟು ವರ್ಷಗಳ ಮೇಲೂ ನನ್ನ ನಾಲಿಗೆಯ ಮೇಲೆ ಕೂತಿದೆ.

ಕಾಲುವೆ ದಂಡೆಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ನಿಜವಾಗಿಯೂ ನೀರಿನ ಮೇಲೆ ಹೋದಂತೆಯೇ ಇತ್ತು. ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದೆ. ಡಯಾಲಿಸಿಸ್ ಮುಗಿಸಿ ಬರುವಾಗ ಅತ್ತೆ ಪ್ರತಿ ತಗ್ಗಿಗೂ ಹಲ್ಲು ಕಚ್ಚುವುದು ನೆನಪಾಗಿ, ಇದೊಂದು ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇಳಿಯುವಾಗ ಹಿಂದಿನ ಗಾಲಿಗೂ ಅದರ ಮೇಲಿನ ಕಮಾನಿಗೂ ನಡುವಿನ ಸಂದು ನೋಡಿದೆ. ನನ್ನ ಅಂಗೈ ಅಡ್ಡಡ್ಡ ಹೋಗುವಷ್ಟಿತ್ತು.

ಗಾಡಿ ಬಂದ್ ಮಾಡಿ ಗಂಡಸರು ಊಟಕ್ಕೆ ಕೂತರು. ಆ ಮನೆಯಲ್ಲಿ ಇನ್ನೂ ಗಂಡಸರ ಪಂಕ್ತಿ ಮುಗಿದ ಮೇಲೆಯೇ ಹೆಂಗಸರದು. ಕಾಕಾನ ಹೆಂಡತಿ ಕಾಕು ಹೋಳಿಗೆ ಬೇಯಿಸುತ್ತಿದ್ದರು. ನಾನು ಬಿಸಿಬಿಸಿಯಾಗಿ ಒಯ್ದು ಬಡಿಸುತ್ತಿದ್ದೆ. ನಡುನಡುವೆ ಬಿಡುವಾದಾಗ ಅಡಿಗೆಮನೆಯ ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ಅಲ್ಲಿಂದ ಗಾಡಿಯ ಎಡಮಗ್ಗುಲು ಕಾಣುತ್ತಿತ್ತು.

ಮೊದಲ ಸಲ ನೋಡಿದಾಗ ಏನೂ ಅನಿಸಲಿಲ್ಲ. ಅನ್ನ ಬಡಿಸಿ ಬಂದು ನೋಡಿದಾಗ ಸಂದು ಎರಡು ಬೆರಳಿನಷ್ಟಾಗಿತ್ತು. ಮಜ್ಜಿಗೆ ಕೊಟ್ಟು ಬಂದಾಗ ಸಂದೇ ಇರಲಿಲ್ಲ. ದಣಿದ ಎಮ್ಮೆ ಒಂದು ಕಾಲು ಮಡಚಿದ ಹಾಗೆ ಆ ದೊಡ್ಡ ಗಾಡಿ ಹಿಂದಿನ ಎಡಗಡೆಗೆ ಕುಸಿದು ಕೂತಿತ್ತು.

"ಏನ್ ನೋಡಾಕತ್ತಿಯವಾ?" ಕಾಕು ಒಲೆಯ ಮುಂದಿನಿಂದಲೇ ಕೇಳಿದರು.

"ಗಾಡಿ ಒಂದ್ ಕಡಿಗಿ ಕುಂತಂಗ ಕಾಣಸ್ತೈತ್ರಿ ಕಾಕು."

"ಅದಾ? ಅದು ಹಂಗ ಕುಂದರತೈತಿ. ಚಾಲೂ ಮಾಡಿದ್ರ ಏಳತೈತಿ. ಒಮ್ಮೊಮ್ಮೆ ಏಳಂಗಿಲ್ಲ, ನಿಮ್ಮ ಕಾಕಾ ಮನಿ ಹಾರಿ ಹೋಗುವಂಗ ಒದರ್ಯಾಡ್ತಾರ." ಕಾಕು ಸೆರಗಿನಿಂದ ಹಣೆ ಒರೆಸಿಕೊಂಡು ನಕ್ಕರು. ಅವರ ನಗುವಿನಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. "ಕೈ ತೊಳಕೋ ಬಾ. ನಮಗೂ ತಾಟು ಹಾಕ್ತೀನಿ."

ಹೊರಗಿನ ಪಡಸಾಲೆಯಿಂದ ಯಜಮಾನರ ದನಿ ಕೇಳಿಸಿತು. "ಹಂಗಾರ ಇವತ್ತ ಮಾತು ಮುಗಿಸಿಬಿಡೂಣ್ರಿ ಕಾಕಾ." ಅವರು ಮುಂಗಡ ತಂದಿದ್ದರು. ಕಾಕು ನನ್ನ ತಾಟಿಗೆ ಹೋಳಿಗೆ ಹಾಕಿ ಮೇಲೆ ತುಪ್ಪ ಹನಿಸುತ್ತಿದ್ದರು.

ಒಬ್ಬರ ಮನೆಯಲ್ಲಿ ಉಂಡು ಕೈ ತೊಳೆದ ಮೇಲೆ ಅವರ ವಸ್ತುವಿನಲ್ಲಿ ಐಬು ಎತ್ತುವುದು ನಮ್ಮಲ್ಲಿ ಇಲ್ಲ. ಯಾರೂ ಕಲಿಸಿದ್ದಲ್ಲ, ಎಲ್ಲರಿಗೂ ಗೊತ್ತಿರುವುದು. ಯಜಮಾನರು ಉಂಡಿದ್ದರು. ಅವರು ಇನ್ನು ಆ ಗಾಡಿಯ ಬಗ್ಗೆ ಏನನ್ನೂ ಕೇಳಲಾರರು, ಕಣ್ಣಾರೆ ಕಂಡರೂ ಕೇಳಲಾರರು. ಆ ಮನೆಯಲ್ಲಿ ಆ ಹೊತ್ತಿಗೆ ಇನ್ನೂ ಉಣ್ಣದೆ ಉಳಿದ ಅತಿಥಿ ನಾನೊಬ್ಬಳೇ. ತಾಟಿನ ಮುಂದೆ ಕೂತುಬಿಟ್ಟರೆ ನನ್ನ ಬಾಯಿಯೂ ಮುಚ್ಚುತ್ತದೆ. ದಿಂಬಿಗೆ ಒರಗಿ ಕೂತ ಅತ್ತೆಯ ಊದಿದ ಮುಖ ಕಣ್ಣ ಮುಂದೆ ಬಂತು. "ಒಂದ್ ನಿಮಿಷ ಬಂದ್ನಿರಿ ಕಾಕು" ಎಂದು ಪಡಸಾಲೆಗೆ ಹೋದೆ.

ಕಾಕಾ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, "ಕಾಕಾರ, ಗಾಡಿ ಇನ್ನೊಮ್ಮೆ ಚಾಲೂ ಮಾಡ್ತೀರೇನ್ರಿ?" ಎಂದೆ.

"ಯಾಕವಾ ತಂಗಿ, ಮತ್ತ ತಿರುಗಾಡಾಕ ಮನಸಾತೇನು?"

"ಇಲ್ರಿ. ಅದು ಒಂದ್ ಕಡಿಗಿ ಕುಸದೈತಿ."

ಯಜಮಾನರು ನನ್ನನ್ನು ನೋಡಿದ ನೋಟ ಈಗಲೂ ಮರೆಯಲಾಗಿಲ್ಲ. ಕೋಪಕ್ಕಿಂತ ಅದರಲ್ಲಿ ನಾಚಿಕೆ ಇತ್ತು.

ಎಲ್ಲರೂ ಹೊರಗೆ ಬಂದೆವು. ಕಾಕಾ ಕೀಲಿ ತಿರುಗಿಸಿದರು. ಎಂಜಿನ್ ಒಮ್ಮೆಲೇ ಹತ್ತಿತು. ಕೆಳಗೆಲ್ಲೋ ಒಂದು ಪಂಪು ನರಳತೊಡಗಿತು. ಬಲಗಡೆ ಮೆಲ್ಲಗೆ ಎದ್ದಿತು, ಎಡಗಡೆ ಏಳಲಿಲ್ಲ. ಸ್ಟೇರಿಂಗ್ ಮುಂದೆ ಹಳದಿ ದೀಪವೊಂದು ಹೊತ್ತಿಕೊಂಡಿತು. ಅದು ಆರುತ್ತದೆಂದು ಕಾದೆವು. ಬೆಕ್ಕು ದೂರ ಹೋಗಿ ಕೂತು ನಮ್ಮನ್ನೇ ನೋಡುತ್ತಿತ್ತು.

"ಚಳಿಗಿ ಹಂಗ ಮಾಡತೈತಿ" ಎಂದರು ಕಾಕಾ, ನನ್ನ ಕಡೆ ನೋಡದೆ. "ನಿನ್ನ ಹೇಣ್ತಿ ಆರ್‌ಟಿಓ ಆಫೀಸಿನ್ಯಾಗ ಇರಬೇಕಿತ್ತು ನೋಡಪಾ."

ಯಜಮಾನರು ನಗಲು ನೋಡಿದರು. "ಸಣ್ಣದು ಬಿಡ್ರಿ ಕಾಕಾ. ಮಾಡಿಸಿಕೊಂಡ್ರಾತು."

"ಸಣ್ಣದ ಇರಬೌದ್ರಿ," ಎಂದೆ. "ಆದ್ರ ಇದು ಗುರುವಾರ ಮುಂಜಾನೆ ಏಳಲಿಲ್ಲಂದ್ರ ನಮ್ಮ ಅತ್ತಿಯವರ ಪಾಳಿ ತಪ್ಪತೈತ್ರಿ ಕಾಕಾ. ಅವರಿಗಿ ಒಂದ್ ಪಾಳಿ ತಪ್ಪಿದ್ರ ಉಸಿರಾಡಾಕ ಆಗಂಗಿಲ್ಲ. ಮಿಸ್ತ್ರಿ ಒಮ್ಮೆ ನೋಡ್ಲಿರಿ. ಆಮ್ಯಾಲ ತಗೊಂತೀವಿ."

ಕಾಕಾ ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದರು. ಗಾಡಿ ಬಂದ್ ಮಾಡಿ ಕೀಲಿ ಜೇಬಿಗೆ ಹಾಕಿಕೊಂಡರು. "ನನ್ನ ಮನಿಗಿ ಮಿಸ್ತ್ರಿ ಬರೋದು ಬ್ಯಾಡವಾ. ಬ್ಯಾರೆ ಗಾಡಿ ನೋಡ್ಕೋರಿ" ಎಂದಷ್ಟೇ ಹೇಳಿ ಒಳಗೆ ಹೋದರು. ಅವರು ದನಿ ಏರಿಸಲಿಲ್ಲ.

ಯಜಮಾನರು ನಮ್ಮ ಸಣ್ಣ ಕಾರಿನಲ್ಲಿ ಹೋಗಿ ಕೂತರು. ನನ್ನ ತಾಟು ಅಡಿಗೆಮನೆಯಲ್ಲಿ ಹಾಗೇ ಇತ್ತು. ಒಳಗೆ ಹೋಗಿ ಉಣ್ಣಬೇಕೆನಿಸಿತು, ಉಣ್ಣದೆ ಹೊರಡುವುದು ಇನ್ನೂ ದೊಡ್ಡ ಅವಮಾನ ಎಂಬುದೂ ಗೊತ್ತಿತ್ತು. ಆದರೂ ಹೋಗಿ ಕಾರು ಹತ್ತಿದೆ. ಕಾರು ಹೊರಡುವಾಗ ಕಾಕು ಓಡಿಬಂದರು. ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಕಿಟಕಿಗೆ ಬಗ್ಗಿ, "ನಿಮ್ಮ ಅತ್ತಿ ಸಲುವಾಗಿ ಅಂತ ನನಗ ಯಾರೂ ಹೇಳಿದ್ದಿಲ್ಲವ್ವಾ" ಎಂದರು. ಅವರ ಕೈಯ ಮೇಲೆ ಕೈ ಇಟ್ಟೆ. ಅವರು ನಂಬಿ ಆಡಿದ ಮಾತನ್ನು ಹಿಡಿದುಕೊಂಡೇ ನಾನು ಅವರ ಮನೆಯವರ ಮರ್ಯಾದೆ ತೆಗೆದಿದ್ದೆ.

ಕನಕಗಿರಿ ದಾಟಿದ ಮೇಲೆ ಯಜಮಾನರು ಬಾಯಿ ಬಿಟ್ಟರು. "ಅಪ್ಪನ ದೋಸ್ತ ಅವರು. ಉಂಡ ಮನ್ಯಾಗ ಹಿಂಗ ಮಾಡಬಾರದಿತ್ತು ನೀ."

"ನಾ ಉಂಡಿದ್ದಿಲ್ರಿ."

ಅವರು ನನ್ನ ಕಡೆ ತಿರುಗಿದರು. ತಾವರಗೇರಾದಲ್ಲಿ ಕಾರು ನಿಲ್ಲಿಸಿ, ಇಳಿದು ಹೋಗಿ ಒಂದು ಪೊಟ್ಟಣ ಮಿರ್ಚಿ ತಂದು ನನ್ನ ಮಡಿಲಿಗೆ ಹಾಕಿದರು. ನಾನು ಎರಡು ತಿಂದೆ. ಅವರು ರಸ್ತೆ ನೋಡುತ್ತಿದ್ದರು.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಅತ್ತೆ ಮಂಚದ ಮೇಲೆ ಎದ್ದು ಕೂತು, "ಗಾಡಿ ಬಂತೇನೋ?" ಎಂದು ಮಗನನ್ನು ಕೇಳಿದರು. ಅವರು "ಇಲ್ಲಬೇ, ಅದು ಸರಿ ಇದ್ದಿಲ್ಲ" ಎಂದರು. ನನ್ನ ಹೆಸರು ಎತ್ತಲಿಲ್ಲ. "ಹೋಗ್ಲಿ ಬಿಡು. ನಾಳಿಗಿ ಒಂದೀಟು ಜಲ್ದಿ ಹೊರಡೂಣ" ಎಂದು ಅತ್ತೆ ಮತ್ತೆ ಮಲಗಿದರು. ಯಜಮಾನರು ಚಾಚಾಗೆ ಫೋನು ಹಚ್ಚಿ, ಸಣ್ಣ ಕಾರಿನ ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಲು ಎಷ್ಟು ದಿನ ಬೇಕು, ಸೋಮವಾರದೊಳಗೆ ಮುಗಿಯುತ್ತದೆಯೇ ಎಂದು ಕೇಳುವುದು ನನಗೆ ಕೇಳಿಸಿತು.

ನಾನು ಹಿತ್ತಲಿಗೆ ಹೋಗಿ ಹಗ್ಗದ ಮೇಲಿನ ಬಟ್ಟೆ ತೆಗೆಯತೊಡಗಿದೆ. ಆಚೆ ಮನೆಯ ಆಪಾ ಕೂಡ ಗೋಡೆಯ ಆ ಕಡೆ ಬಟ್ಟೆ ತೆಗೆಯುತ್ತಿದ್ದರು. ಅವರು ಹೊಲಿಗೆ ಮಷಿನ್ನಿನ ಮುಂದೆ ಕೂತರೆ ನಮ್ಮ ಅಂಗಳ ಪೂರ್ತಿ ಕಾಣುತ್ತದೆ, ವಾರಕ್ಕೆರಡು ಸಲ ನಾವು ಅತ್ತೆಯನ್ನು ಹಿಡಿದು ಕಾರಿಗೆ ಹತ್ತಿಸುವುದೂ.

"ಭಾಭಿ, ಹೊಸ ಗಾಡಿ ಎಲ್ರಿ? ಪೇಢೆ ತಿನ್ನಾಕ ಕುಂತಿದ್ದೆ ನಾನು."

"ಬರಲಿಲ್ಲರಿ ಆಪಾ. ಗಾಳಿ ಚೀಲ ಸೋರತಿತ್ತು, ಆಳೆತ್ತರದ ಗಾಡಿ ಕುಸೀತು. ಅವರೂ ಸಿಟ್ಟಾದರು, ಇವರಿಗೂ ಬ್ಯಾಸರ ಆತು."

ಆಪಾ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಚಾದರ ಮಡಚುತ್ತಿದ್ದರು. ಮಡಚಿ ಮುಗಿಸಿ, ಕ್ಲಿಪ್ಪು ತೆಗೆದು, ಒಳಗೆ ಹೋಗುತ್ತ ಹೇಳಿದರು: "ಹೋಗ್ಲಿ ಬಿಡ್ರಿ. ಅಷ್ಟು ಎತ್ತರದ ಗಾಡಿ ನಿಮ್ಮ ಅತ್ತಿಯವರು ಹೆಂಗ ಹತ್ತತಿದ್ರು?"